ಮಾವನ ಮೂಗುದಾರ

ಅದೊಂದು ಕಾಲ, ಅದೊಂದು ಊರು. ಕಾಲ ನಿನ್ನೆಯದೇ ಇದ್ದೀತು, ಊರು ನಿಮ್ಮದೇ ಇದ್ದೀತು. ಆ ಊರಿನಲ್ಲಿ ಒಂದು ದೊಡ್ಡ ಆಸ್ಪತ್ರೆ. ಆಸ್ಪತ್ರೆಯ ಹೊಟ್ಟೆಯೊಳಗೆ, ಬೀದಿಯ ಮಟ್ಟಕ್ಕಿಂತ ಕೆಳಗೆ, ಒಂದು ರಾಕ್ಷಸ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಇದ್ದದ್ದೆಲ್ಲ ಮಂಚದಷ್ಟು ಅಗಲದ ಒಂದು ಬಾಯಿ. ಒದ್ದೆ ಬಟ್ಟೆ ನುಂಗುವುದು, ಒಣಗಿದ ಬಟ್ಟೆ ಉಗುಳುವುದು, ಇಷ್ಟೇ ಅದರ ಬಾಳು. ಮೇಲೆ ವಾರ್ಡುಗಳಲ್ಲಿ ಹುಟ್ಟುವವರಿಗೆ ಹಾಸುವ, ಸತ್ತವರಿಗೆ ಹೊದಿಸುವ ಬಿಳಿ ಬಟ್ಟೆಯೆಲ್ಲ ಆ ಬಾಯಿಯನ್ನು ಹಾದೇ ಹೋಗಬೇಕು.

ಲಾಂಡ್ರಿಯ ಹೆಂಗಸರು ಅದನ್ನು ರಾಕ್ಷಸ ಎನ್ನುತ್ತಿರಲಿಲ್ಲ. ಮಾವ ಎನ್ನುತ್ತಿದ್ದರು. ಯಾರಿಟ್ಟ ಹೆಸರೋ, ಮನೆಯಲ್ಲಿ ಮಾವನ ಕಾಟ ಉಂಡವಳೊಬ್ಬಳು ಇಟ್ಟದ್ದೇ ಇರಬೇಕು.

"ಎದ್ದರೇನೇ ಮಾವ?"

"ಎದ್ದಿದ್ದಾರೆ, ಮೈ ಇನ್ನೂ ಬಿಸಿಯಾಗಿಲ್ಲ."

"ಮೆಲ್ಲಗೆ ಮಾತಾಡು ಮಾರಾಯ್ತಿ, ಸಿಟ್ಟು ಮೂಗಿನ ತುದೀಲೇ ಇರುತ್ತೆ ಅವರಿಗೆ."

ಮಾವ ಎಂದರೆ ಇಸ್ತ್ರಿ ಮಾಡುವ ದೊಡ್ಡ ಯಂತ್ರ. ಹೊಟ್ಟೆ ತುಂಬ ಉಗಿ ತುಂಬಿಕೊಂಡ ಉರುಳೆಗಳು ಒಂದರ ಮೇಲೊಂದು ತಿರುಗುತ್ತವೆ. ಮುಂದೆ ನಿಂತ ಇಬ್ಬರು ಒದ್ದೆ ಹೊದಿಕೆಯ ತುದಿಗಳನ್ನು ಜಗ್ಗಿ, ಸುಕ್ಕು ಬಿಡಿಸಿ, ಬಾಯಿಗೆ ಕೊಡಬೇಕು. ಹಿಂದೆ ನಿಂತ ಇಬ್ಬರು ಹೊರಬಂದದ್ದನ್ನು ಹಿಡಿದು ಮಡಿಸಬೇಕು. ಬಾಯಿಯ ಮುಂದೆ, ಈ ತುದಿಯಿಂದ ಆ ತುದಿಯವರೆಗೆ, ಕೆಂಪು ಬಣ್ಣ ಬಳಿದ ಕಬ್ಬಿಣದ ಪಟ್ಟಿಯೊಂದಿತ್ತು. ಕೈ ಅಪ್ಪಿತಪ್ಪಿ ಒಳಗೆ ಹೋದರೆ ಪಟ್ಟಿಯನ್ನು ಒತ್ತಿದರಾಯಿತು, ಯಂತ್ರ ನಿಂತುಬಿಡುತ್ತದೆ. ಅದಕ್ಕೆ ಅವರು ಮೂಗುದಾರ ಎಂದು ಹೆಸರಿಟ್ಟಿದ್ದರು. ಮಾವನಿಗೆ ಮೂಗುದಾರ ಹಾಕಿದ ಸೊಸೆಯಂದಿರು ಲೋಕದಲ್ಲಿ ತಾವೇ ಮೊದಲು ಎಂದು ಅವರಿಗೆ ಬಹಳ ಹೆಮ್ಮೆ.

ಆ ಹೆಂಗಸರಿಗೆ ಯಜಮಾನಿಯಾಗಿದ್ದವಳು ದೊಡ್ಡಮ್ಮ. ಯಾರ ದೊಡ್ಡಮ್ಮನೂ ಅಲ್ಲ, ಹಾಗಾಗಿ ಎಲ್ಲರಿಗೂ ದೊಡ್ಡಮ್ಮ. ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಅವಳದೊಂದು ಪ್ರಾರ್ಥನೆ. ಮಾವನನ್ನು ಬರಿಬಾಯಲ್ಲಿ ತಿರುಗಲು ಬಿಟ್ಟು, ಹೆಂಗಸರೆಲ್ಲ ಸುತ್ತ ನಿಂತು ಕೈ ಚಾಚಬೇಕು. ಯಾರ ದೇವರು ಯಾರೋ, ದೊಡ್ಡಮ್ಮ ಕೇಳಿದವಳಲ್ಲ. ಮಾತು ಮಾತ್ರ ಎಲ್ಲರದೂ ಒಂದೇ.

"ಕೈ ಕೊಟ್ಟವನೇ, ಕೊಟ್ಟ ಕೈಗಳನ್ನು ಕಾಪಾಡು. ಬಿಸಿಯಿಂದ ಕಾಪಾಡು, ಬಾಯಿಂದ ಕಾಪಾಡು, ನಮ್ಮದೇ ಅವಸರದಿಂದ ಕಾಪಾಡು."

ಕೊನೆಯ ಮಾತು ಮುಗಿಯುತ್ತಿದ್ದಂತೆ ದೊಡ್ಡಮ್ಮ ಅಂಗೈಯಿಂದ ಕೆಂಪು ಪಟ್ಟಿಯನ್ನು ಒತ್ತುತ್ತಿದ್ದಳು. ಮಾವ ಗಕ್ಕನೆ ನಿಲ್ಲುತ್ತಿದ್ದ. ಆ ಸದ್ದಡಗಿದ ಕ್ಷಣದಲ್ಲಿ ಮೇಲಿನ ಮಹಡಿಯಲ್ಲಿ ತಳ್ಳುಗಾಡಿ ಉರುಳುವುದು, ಎಲ್ಲೋ ಮಗು ಅಳುವುದು ಕೇಳುತ್ತಿತ್ತು. "ಹೂಂ, ಕೇಳಿಸಿಕೊಂಡ," ಎನ್ನುತ್ತಿದ್ದಳು ದೊಡ್ಡಮ್ಮ. ದೇವರೋ ಮಾವನೋ, ಬಿಡಿಸಿ ಹೇಳುತ್ತಿರಲಿಲ್ಲ. ಆಮೇಲೆ ಮತ್ತೆ ಗುಂಡಿ ಒತ್ತಿ, ಉಗಿ ಏರುವ ತನಕ ಕಾದು, ಕೆಲಸ.

"ಕೈ ಕೊಟ್ಟವನು ಅಂದ್ರೆ ನಂಗೆ ನನ್ನ ಗಂಡನೇ ನೆನಪಾಗ್ತಾನೆ," ಎಂದು ಉದ್ದಮ್ಮ ದಿನವೂ ಗೊಣಗುತ್ತಿದ್ದಳು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ ಅವಳು, ನಾಲಿಗೆ ಅದಕ್ಕಿಂತ ಉದ್ದ. ದಿನವೂ ಎಲ್ಲರೂ ನಗುತ್ತಿದ್ದರು.

ಈ ಕಥೆ ದೊಡ್ಡಮ್ಮನದಲ್ಲ, ಅವಳ ನಂತರ ಬಂದ ಗಡಿಯಾರದ್ದು.

ಗಡಿಯಾರ ಎಂದು ಅವಳನ್ನು ಕರೆದವಳು ಉದ್ದಮ್ಮ. ಹಲ್ಲುಜ್ಜುತ್ತಲೇ ಹಾಸಿಗೆ ಸುತ್ತುವವಳು, ಬಸ್ಸಿನಲ್ಲಿ ನಿಂತೇ ಸೊಪ್ಪು ಬಿಡಿಸುವವಳು, ಕನಸನ್ನೂ ಬೇಗ ಮುಗಿಸಿ ಏಳುವವಳು. ಖಾಲಿ ಕೈ ಕಂಡರೆ ಅವಳಿಗೆ ನಲ್ಲಿ ಸೋರಿದಷ್ಟು ಸಂಕಟ. ಅವಳನ್ನು ಸಾಕಿದವಳು ಅಕ್ಕ. ಅಮ್ಮ ತೀರಿಕೊಂಡಾಗ ತಂಗಿಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಈಗ ಇಬ್ಬರಿಗೂ ತಲೆಯಲ್ಲಿ ಬೆಳ್ಳಿಗೂದಲು ಇಣುಕುತ್ತಿದ್ದರೂ ಬೆಳಿಗ್ಗೆ ಅಕ್ಕನೇ ಅವಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು. ದಿನದಲ್ಲಿ ಗಡಿಯಾರ ಸುಮ್ಮನೆ ಕೂರುತ್ತಿದ್ದುದು ಅಷ್ಟು ಹೊತ್ತು ಮಾತ್ರ. ಒಂದೇ ಕೋಣೆಯ ಬಾಡಿಗೆ ಮನೆಯಿಂದ ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಬರುತ್ತಿದ್ದರು. ಮಾವನ ಬಾಯಿಗೆ ಬಟ್ಟೆ ಕೊಡುವ ಜಾಗದಲ್ಲಿ ಅಕ್ಕನಷ್ಟು ನಾಜೂಕಿನವರು ಬೇರೆ ಇರಲಿಲ್ಲ.

ಉಗಿ ಕುಡಿದು ಕುಡಿದು ದೊಡ್ಡಮ್ಮನ ಎದೆ ಕೆಟ್ಟಿತು. ಕೆಲಸ ಬಿಡುವ ದಿನ ಅವಳು ಗಡಿಯಾರವನ್ನು ಮಾವನ ಮುಂದೆ ನಿಲ್ಲಿಸಿ, ಅವಳ ಅಂಗೈಯನ್ನು ಕೆಂಪು ಪಟ್ಟಿಯ ಮೇಲಿಟ್ಟಳು.

"ಇನ್ಮೇಲೆ ಇವರಿಗೆಲ್ಲ ನೀನೇ ಹಿರಿಯಳು. ನಾನು ಕೇಳೋದು ಒಂದೇ. ಪ್ರಾರ್ಥನೆ ಪೂರ್ತಿ ಮಾಡಿಸ್ಬೇಕು. ಒಂದು ದಿನವೂ ಅರ್ಧಕ್ಕೆ ಬಿಡಬಾರದು. ಮಾತು ಕೊಡು."

"ಕೊಟ್ಟೆ ದೊಡ್ಡಮ್ಮ."

"ಅಷ್ಟು ಬೇಗ ಕೊಡಬೇಡ್ವೇ. ಸ್ವಲ್ಪ ಯೋಚನೆ ಮಾಡಿ ಕೊಡು."

ಎಲ್ಲರೂ ನಕ್ಕರು. ಗಡಿಯಾರವೂ ನಕ್ಕಳು. ಮುಂದಿನ ಮಳೆಗಾಲ ಬರುವುದರೊಳಗೆ ದೊಡ್ಡಮ್ಮ ಮೇಲಿನ ವಾರ್ಡಿನಲ್ಲೇ ಕಣ್ಣು ಮುಚ್ಚಿದಳು. ಅವಳಿಗೆ ಹೊದಿಸಿದ ಬಟ್ಟೆಯನ್ನು ಮಾವನ ಬಾಯಿಗೆ ಕೊಟ್ಟವಳು ಅಕ್ಕ, ಹಿಂದೆ ನಿಂತು ಹಿಡಿದು ಮಡಿಸಿದವಳು ಗಡಿಯಾರ.

ಹೊಸ ಸಾಹೇಬರು ಬಂದದ್ದು ಆಮೇಲೆ. ಕೆಟ್ಟವರೇನಲ್ಲ. ನಗುಮುಖ, ಎಲ್ಲರಿಗೂ ಬಹುವಚನ. ಗೋಡೆಗೊಂದು ಬಿಳಿ ಹಲಗೆ ಬಡಿಸಿದರು. ದಿನಕ್ಕೆಷ್ಟು ಹೊದಿಕೆ ಹೊರಬಂತು ಎಂದು ಅದರ ಮೇಲೆ ಹಸಿರು ಗೆರೆ ಏರಬೇಕು. ಒಂದು ದಿನ ಗಡಿಯಾರವನ್ನು ಕರೆದು ಕುರ್ಚಿ ಕೊಟ್ಟು ಕೂರಿಸಿದರು. ಅವಳನ್ನು ಕುರ್ಚಿ ಕೊಟ್ಟು ಕೂರಿಸಿದವರು ಅದುವರೆಗೆ ಯಾರೂ ಇರಲಿಲ್ಲ.

"ನಮ್ಮ ಸಮಯ ಎಲ್ಲಿ ಸೋರಿ ಹೋಗ್ತಾ ಇದೆ, ನೀವೇ ಹೇಳಿ. ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅವಳಿಗೆ ಗೊತ್ತಿತ್ತು. ಬಹಳ ದಿನದಿಂದ ಕಣ್ಣಿಗೆ ಚುಚ್ಚುತ್ತಿತ್ತು. "ಬೆಳಿಗ್ಗೆ, ಸರ್. ಪ್ರಾರ್ಥನೆ ಹೊತ್ತಲ್ಲಿ. ಓಡ್ತಿರೋ ಯಂತ್ರ ನಿಲ್ಲಿಸ್ತೀವಿ, ಮತ್ತೆ ಎಬ್ಬಿಸ್ತೀವಿ, ಉಗಿ ಏರೋವರೆಗೆ ಮುಖ ಮುಖ ನೋಡ್ಕೊಂಡು ನಿಲ್ತೀವಿ. ದೇವರನ್ನ ಬಿಡೋದು ಬೇಡ. ಕೈ ಕೆಲಸ ಮಾಡ್ತಾ ಇರಲಿ, ಬಾಯಿ ಪ್ರಾರ್ಥನೆ ಹೇಳಲಿ."

ಸಾಹೇಬರು ಮೇಜು ತಟ್ಟಿದರು. "ನೋಡಿ, ಲೀಡರ್‌ಶಿಪ್ ಅಂದ್ರೆ ಇದು! ನಂಬಿಕೆಯೂ ಉಳೀತು, ಕೆಲಸವೂ ಆಯ್ತು."

ಹಸಿರು ಗೆರೆ ಏರಿತು. ಅವಳ ಫೋಟೋ ಹಲಗೆಯ ಪಕ್ಕಕ್ಕೆ ಬಂತು. ಅದರಲ್ಲಿ ಅವಳು ಕ್ಯಾಮೆರಾದವನಿಗೂ ಅವಸರ ಮಾಡುತ್ತಿರುವಂತೆ ಕಾಣುತ್ತಿದ್ದಳು.

ಅಕ್ಕ ಹೇಳಿದ್ದು ಒಂದೇ ಸಲ, ಜಡೆ ಹೆಣೆಯುತ್ತ. "ದೊಡ್ಡಮ್ಮಂಗೆ ಮಾತು ಕೊಟ್ಟಿದ್ದೆ ನೀನು."

"ಬಿಟ್ಟಿದ್ದೀನಾ ಅಕ್ಕ? ಒಂದಕ್ಷರ ಬಿಟ್ಟಿಲ್ಲ."

"ಅಕ್ಷರ ಬಿಟ್ಟಿಲ್ಲ. ಮೂಗುದಾರ ಒತ್ತೋದು ಬಿಟ್ಟೆ."

"ಅಯ್ಯೋ ಅಕ್ಕ, ನಮ್ಮ ಪ್ರಾರ್ಥನೆ ಕೇಳಿಸ್ಕೊಳ್ಳೋಕೆ ದೇವರಿಗೆ ಸ್ವಿಚ್ ಬೇಕಾ?"

ಅಕ್ಕನ ಬೆರಳು ಒಂದು ಕ್ಷಣ ನಿಂತವು. "ದೇವರಿಗೆ ಬೇಡ," ಎಂದಳು. ಆಮೇಲೆ ಜಡೆಯ ತುದಿಗೆ ರಿಬ್ಬನ್ ಕಟ್ಟಿ, ಬೆನ್ನಿಗೊಂದು ಮೆಲ್ಲಗೆ ತಟ್ಟಿ, "ನಡಿ, ಬಸ್ಸು ಬರುತ್ತೆ," ಎಂದಳು.

ಹೀಗೆ ಒಂದು ಬೇಸಿಗೆ ಕಳೆಯಿತು, ಒಂದು ಮಳೆಗಾಲ ಕಳೆಯಿತು. ಊರಲ್ಲಿ ಜ್ವರ ಎದ್ದಿತು. ವಾರ್ಡುಗಳು ತುಂಬಿ, ಮೊಗಸಾಲೆಯ ನೆಲದ ಮೇಲೂ ರೋಗಿಗಳು ಮಲಗಿದರು. ಬಟ್ಟೆಯ ಗಾಡಿಗಳು ಒಂದರ ಹಿಂದೊಂದು ಕೆಳಗಿಳಿಯುತ್ತಿದ್ದವು. ಅಂಥದೊಂದು ಮಧ್ಯಾಹ್ನ, ಅಕ್ಕ ಕೊಡುತ್ತಿದ್ದ ಹೊದಿಕೆಯ ಮೂಲೆ ಒಳಮಡಚಿಕೊಂಡಿತು. ಬಿಡಿಸಲು ಅವಳು ಕೈ ಮುಂದೆ ಚಾಚಿದಳು. ಒದ್ದೆ ಬಟ್ಟೆ ಮಣಿಕಟ್ಟಿಗೆ ಸುತ್ತಿಕೊಂಡಿತು.

ಅಕ್ಕ ಕೂಗಲಿಲ್ಲ. ಮೊದಲು ಪಟ್ಟಿಯನ್ನು ಒತ್ತಿದಳು. ಎಡಗೈಯಿಂದ, ದೊಡ್ಡಮ್ಮ ಒತ್ತುತ್ತಿದ್ದ ಜಾಗದಲ್ಲೇ. ಮಾವ ನಿಲ್ಲಲಿಲ್ಲ. ಇನ್ನೊಮ್ಮೆ ಒತ್ತಿದಳು, ಆಮೇಲೆ ಗುದ್ದಿದಳು, ಆಮೇಲೆ ಕೂಗಿದಳು. ಗಡಿಯಾರ ಹೊಸ ಗಾಡಿ ತಳ್ಳಿಕೊಂಡು ಬರುತ್ತಿದ್ದವಳು ತಲೆಯೆತ್ತಿ ನೋಡಿದಳು. ಕೆಂಪು ಪಟ್ಟಿಯ ಮೇಲೆ ಏಳುತ್ತ ಬೀಳುತ್ತ ಇದ್ದ ಎಡಗೈ ಮಾತ್ರ ಅವಳಿಗೆ ಕಂಡಿತು. ಮೇನ್ ಸ್ವಿಚ್ ಇದ್ದದ್ದು ಆಚೆ ಗೋಡೆಯಲ್ಲಿ. ಬಾಳಿಡೀ ಓಡುತ್ತಲೇ ಇದ್ದವಳಿಗೆ ಆ ಗೋಡೆ ಮಾತ್ರ ಎಷ್ಟು ಓಡಿದರೂ ಹತ್ತಿರ ಬರಲಿಲ್ಲ.

ಹಿಂದೆ ನಿಂತಿದ್ದ ಉದ್ದಮ್ಮ, ಹೊರಬಂದ ಹೊದಿಕೆಯನ್ನು ಅಭ್ಯಾಸಬಲದಿಂದ ಹಿಡಿದಳು. ಹಿಡಿದದ್ದನ್ನು ನೋಡಿದಳು. 

ಆಸ್ಪತ್ರೆಯೇ ಆದ್ದರಿಂದ ಅಕ್ಕನ ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ.

ಮರುದಿನ ರಿಪೇರಿಯವನು ಬಂದು ಪಟ್ಟಿಯನ್ನು ಬಿಚ್ಚಿದ. ಅದರ ಹಿಂದೆ ಬಟ್ಟೆಯ ಜುಂಗು, ಗಂಜಿ ಎಲ್ಲ ಸೇರಿ, ಉಗಿಯಲ್ಲಿ ಬೆಂದು, ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಉಳಿಯಿಂದ ಕುಟ್ಟಿ ಕುಟ್ಟಿ ತೆಗೆದ.

"ದಿನಾ ಒಂದ್ಸಲ ಒತ್ತಿದ್ದರೆ ಇದು ಕಟ್ಟಿಕೊಳ್ತಾನೇ ಇರಲಿಲ್ಲ. ಕೊನೇ ಸಲ ಒತ್ತಿ ನೋಡಿದ್ದು ಯಾವಾಗ?"

ಯಾರೂ ಗಡಿಯಾರದ ಕಡೆ ನೋಡಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಅದೇ ಅವಳಿಗೆ ಉತ್ತರವಾಗಿ ಚುಚ್ಚಿತು.

"ಒಳಗಿನ ಸ್ವಿಚ್ಚೂ ಸುಟ್ಟಿದೆ. ಹೊಸದು ತರಿಸ್ಬೇಕು. ಬರೋವರೆಗೆ ಇದನ್ನ ನಡೆಸ್ಬೇಡಿ," ಎಂದು ಅವನು ಪಟ್ಟಿಯನ್ನು ಮೊದಲಿನ ಜಾಗದಲ್ಲೇ ಕೂರಿಸಿ, ಚೀಲ ಹೆಗಲಿಗೇರಿಸಿದ.

ಸಾಹೇಬರು ಗಡಿಯಾರವನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಅವರ ಮುಖವೂ ಬಾಡಿತ್ತು, ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ. "ವಾರ್ಡಲ್ಲಿ ಹಾಸು, ಹೊದಿಕೆ ಎಲ್ಲ ಮುಗೀತಾ ಬಂತು. ಜನ ಬರೀ ರಬ್ಬರ್ ಹಾಸಿನ ಮೇಲೆ ಮಲಗಿದ್ದಾರೆ. ನಾಳೆ ಬೆಳಿಗ್ಗೆ ಯಂತ್ರ ಶುರು ಮಾಡ್ಬೇಕು. ಎಚ್ಚರಿಕೆಯಿಂದ ಮಾಡೋಣ." ಆಮೇಲೆ ದನಿ ತಗ್ಗಿಸಿದರು. "ಮೇಲಿನ ಆಫೀಸಿಂದ ಒಬ್ಬ ಮೇಡಂ ಬರ್ತಾರೆ. ಏನಾಯ್ತು ಅಂತ ಕೇಳ್ತಾರೆ. ನಿಮ್ಮ ಅಕ್ಕ ಗಾಬರೀಲಿ ಪಟ್ಟಿ ಒತ್ತೋದು ಮರೆತರು ಅಂತ ಹೇಳಿ, ಸಾಕು. ಗಾಬರೀಲಿ ಯಾರಿಗಾದರೂ ಹಾಗಾಗುತ್ತೆ. ಪ್ರಾರ್ಥನೆ ಬದಲಾಯಿಸಿದ ವಿಷಯ ಯಾಕೆ? ನಿಮ್ಮ ಹೆಸರು ಬರದ ಹಾಗೆ ನಾನು ನೋಡ್ಕೋತೀನಿ."

ನಿಮ್ಮ ಹೆಸರು ಎಂದರೆ ಅವರ ಹೆಸರೂ ಸೇರಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಗಡಿಯಾರ ಆಗಲಿ ಎನ್ನಲಿಲ್ಲ, ಆಗದು ಎನ್ನಲೂ ಇಲ್ಲ. ಎದ್ದು ಮೆಟ್ಟಿಲು ಹತ್ತಿದಳು. ಅಷ್ಟು ನಿಧಾನವಾಗಿ ಅವಳು ಮೆಟ್ಟಿಲು ಹತ್ತಿದ್ದನ್ನು ಯಾರೂ ಕಂಡಿರಲಿಲ್ಲ.

ಅಕ್ಕನಿಗೆ ಎಚ್ಚರವಿತ್ತು. ಔಷಧದ ಮಂಪರಿನಲ್ಲಿ ಕಣ್ಣು ತೇಲುತ್ತಿದ್ದವು. ತಂಗಿಯನ್ನು ಕಂಡು ತುಟಿ ಅರಳಿಸಿದಳು.

"ಮದುವೆಯಾಗು ಮದುವೆಯಾಗು ಅಂತ ಊರೆಲ್ಲ ತಲೆ ತಿಂತಿತ್ತು. ಕೊನೆಗೂ ಒಬ್ಬ ಕೈ ಹಿಡಿದ ನೋಡು."

ಗಡಿಯಾರಕ್ಕೆ ನಗಲಾಗಲಿಲ್ಲ.

"ನಗೇ," ಎಂದಳು ಅಕ್ಕ. "ನಾನು ಇಷ್ಟು ಕಷ್ಟಪಟ್ಟು ಹೇಳಿದೀನಿ." ಸ್ವಲ್ಪ ಹೊತ್ತು ಸೀಲಿಂಗ್ ನೋಡುತ್ತಿದ್ದಳು. "ನಿಮ್ಮ ಸಾಹೇಬರು ಬಂದಿದ್ದರು. ಒಳ್ಳೆ ಮನುಷ್ಯ. ಗಾಬರೀಲಿ ಮರೆತುಬಿಟ್ರಿ ಅಂದರು. ನಾನು ಒತ್ತಿದೆ ಅಂತಲೇ ನಂಗೆ ನೆನಪು. ಒತ್ತಿದೆ ಅಲ್ವೇನೇ? ಇಲ್ಲ, ಒತ್ತಿದ ಹಾಗೆ ಅನ್ನಿಸ್ತಾ? ಇಷ್ಟು ವರ್ಷ ಅದರ ಮುಂದೆ ನಿಂತವಳು, ಅದನ್ನೇ ಮರೆತೆನಾ?"

ಗಡಿಯಾರ ಅಕ್ಕನ ಎಡಗೈ ನೋಡಿದಳು. ಕೈ ಹೋಗಿದೆ. ಈಗ ಉಳಿದ ಕೈ ನೆನಪಿಟ್ಟುಕೊಂಡದ್ದೂ ಹೋಗುತ್ತಿದೆ.

"ಬೆಳಗಾಯ್ತಾ?" ಎಂದಳು ಅಕ್ಕ ಇದ್ದಕ್ಕಿದ್ದಂತೆ. ಕಣ್ಣು ಎಲ್ಲೋ ಇದ್ದವು. "ತಲೆ ಕೆದರಿದೆಯಲ್ಲೇ ನಿಂದು. ಬಾ ಇಲ್ಲಿ, ಜಡೆ ಹಾಕ್ತೀನಿ. ಬಸ್ಸು ತಪ್ಪುತ್ತೆ."

ಗಡಿಯಾರ ಮಂಚದ ಅಂಚಿನಲ್ಲಿ ಬೆನ್ನು ತಿರುಗಿಸಿ ಕುಳಿತಳು. ಅಕ್ಕನ ಎಡಗೈ ಕೂದಲೊಳಗೆ ಬಂತು. ಒಂದು ಎಳೆ ಎತ್ತಿತು, ಇನ್ನೊಂದು ಎಳೆ ಹಿಡಿಯಲು ಬರಬೇಕಾದ ಕೈಗಾಗಿ ಕಾಯಿತು. ಕಾಯುತ್ತಲೇ ಇತ್ತು. ಆಮೇಲೆ ಮೆಲ್ಲಗೆ ಎಳೆಯನ್ನು ಬಿಟ್ಟಿತು. ಹಿಂದಿನಿಂದ ಉಸಿರು ಎಳೆದುಕೊಂಡ ಸದ್ದು ಕೇಳಿತು, ಅಷ್ಟೇ.

ಗಡಿಯಾರ ತಿರುಗಲಿಲ್ಲ. ತಿರುಗಿದ್ದರೆ ಹೇಳಲಾಗುತ್ತಿರಲಿಲ್ಲ. "ಒತ್ತಿದೆ ಅಕ್ಕ. ನಾನೇ ಕಣ್ಣಾರೆ ಕಂಡೆ. ಎಡಗೈಲಿ ಒತ್ತಿದೆ, ಗುದ್ದಿದೆ. ಅದು ಕೆಟ್ಟು ಎಷ್ಟೋ ದಿನ ಆಗಿತ್ತು. ದಿನಾ ಒತ್ತಿದ್ದರೆ ಕೆಡ್ತಿರಲಿಲ್ಲ, ಕೆಟ್ಟಿದ್ದರೂ ಆವತ್ತೇ ತಿಳೀತಿತ್ತು. ಪ್ರಾರ್ಥನೇಲಿ ಕೈಯ ಕೆಲಸ ತೆಗೆದುಹಾಕಿದವಳು ನಾನು. ಸಾಹೇಬರಲ್ಲ. ನಾನೇ ಹೋಗಿ ಹೇಳಿಕೊಟ್ಟೆ."

ಪಕ್ಕದ ಮಂಚದ ರೋಗಿ ಕೆಮ್ಮಿ ಸುಮ್ಮನಾದಳು. ಅಕ್ಕ ಅತ್ತಳೋ, ಸಿಟ್ಟಾದಳೋ, ಬೆನ್ನಿಗೆ ಹೇಗೆ ತಿಳಿಯಬೇಕು?

"ಹಾಗಾದರೆ ಒತ್ತಿದೆ ನಾನು," ಎಂದಳು ಅಕ್ಕ ಕೊನೆಗೆ. "ಸರಿ."

"ಅಕ್ಕ, ನನ್ನನ್ನ ಕ್ಷಮಿ..."

"ಈಗ ಅದನ್ನ ಕೇಳಬೇಡ. ನನ್ನ ಹತ್ತಿರ ಇಲ್ಲ ಅದು." ದನಿ ಒಣಗಿತ್ತು. "ದೊಡ್ಡಮ್ಮಂಗೆ ಕೊಟ್ಟ ಮಾತು ಹಾಗೇ ಬಿದ್ದಿದೆ. ಹೋಗಿ ಅದನ್ನ ಮುಗಿಸು."

ಮರುದಿನ ಬೆಳಿಗ್ಗೆ ಕೆಳಗೆ ಎಲ್ಲರೂ ಸೇರಿದ್ದರು. ಮಾವನ ಮೈ ಬಿಸಿಯಾಗಿತ್ತು. ಮೇಲಿನ ಆಫೀಸಿನ ಮೇಡಂ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಸಾಹೇಬರು ಅವರಿಗೆ ಗಾಬರಿ, ಮರೆವು ಎಂದು ಏನೋ ವಿವರಿಸುತ್ತಿದ್ದರು. ಜಡೆಯಿಲ್ಲದ ತಲೆಗೊಂದು ಗಂಟು ಹಾಕಿಕೊಂಡ ಗಡಿಯಾರ ಮುಂದೆ ಬಂದಳು.

"ಕೆಲಸಕ್ಕೆ ಮುಂಚೆ ಪ್ರಾರ್ಥನೆ ಇದೆ ಸರ್."

"ಹೇಳ್ಕೊಳ್ಳಿ, ಹೇಳ್ಕೊಳ್ಳಿ. ಕೆಲಸ ಮಾಡ್ತಾನೇ..."

"ಹಳೇ ಪ್ರಾರ್ಥನೆ, ಸರ್."

ಅವಳು ಗುಂಡಿ ಒತ್ತಿದಳು. ಮಾವ ಬರಿಬಾಯಲ್ಲಿ ತಿರುಗತೊಡಗಿದ. ಅವಳು ಕೈ ಚಾಚಿದಳು. ಮೊದಲು ಅವಳದೊಂದೇ ದನಿ, ಆಮೇಲೆ ಉದ್ದಮ್ಮನದು, ಆಮೇಲೆ ಉಳಿದವರದು. ಬಿಸಿಯಿಂದ ಕಾಪಾಡು, ಬಾಯಿಂದ ಕಾಪಾಡು, ನಮ್ಮದೇ ಅವಸರದಿಂದ. ಅವಳು ಕೆಂಪು ಪಟ್ಟಿಯನ್ನು ಅಂಗೈಯಿಂದ ಒತ್ತಿದಳು. ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು.

ಮಾವ ತಿರುಗುತ್ತಲೇ ಇದ್ದ.

"ನೋಡಿ ಮೇಡಂ," ಎಂದಳು ಗಡಿಯಾರ, ಕೈ ತೆಗೆಯದೆ. "ನಮ್ಮ ಅಕ್ಕ ಒತ್ತಿದ್ದೂ ಇಲ್ಲೇ. ಅವಳು ಮರೀಲಿಲ್ಲ. ದಿನಾ ಇದನ್ನ ಒತ್ತಿ ನೋಡ್ಬೇಕಾದವಳು ನಾನು, ಹೊತ್ತು ಉಳಿಸೋಕೆ ಅಂತ ನಿಲ್ಲಿಸಿದೆ. ಸಾಹೇಬರು ಸೈ ಅಂದರು. ಇದು ಇವತ್ತೂ ನಿಲ್ತಿಲ್ಲ, ಆದರೂ ಇವರನ್ನ ಇದರ ಮುಂದೆ ನಿಲ್ಲಿಸ್ಬೇಕು ಅಂತಿದ್ದೀರಿ."

ಆಮೇಲೆ ಗೋಡೆಯವರೆಗೆ ನಡೆದು ಮೇನ್ ಸ್ವಿಚ್ ಇಳಿಸಿದಳು. ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ರೋಗಿಗಳ ಗತಿ?" ಎಂದರು ಸಾಹೇಬರು. ಅವರ ದನಿಯಲ್ಲಿ ನಿಜವಾದ ಅಳುವಿತ್ತು. "ಅವರಿಗೆ ಏನು ಹಾಸೋದು, ಹೇಳಿ."

ಉದ್ದಮ್ಮ ಒದ್ದೆ ಹೊದಿಕೆಯೊಂದನ್ನು ಹೆಗಲಿಗೆ ಹಾಕಿಕೊಂಡಳು. "ತಾರಸಿ ಇದೆ, ಹಗ್ಗ ಇದೆ, ಕೈ ಇಸ್ತ್ರಿಪೆಟ್ಟಿಗೆ ಇದೆ. ನಡೀರೇ," ಎಂದಳು. ಗಡಿಯಾರದ ಪಕ್ಕ ಹಾದುಹೋಗುವಾಗ ನಿಂತಳು. "ನಿನ್ನ ಪರ ನಿಂತೆ ಅಂದ್ಕೋಬೇಡ. ಆ ಬಟ್ಟೆ ಹಿಡಿದವಳು ನಾನು. ನಿನ್ನ ಮುಖ ನೋಡೋಕೆ ನಂಗಿನ್ನೂ ಆಗಲ್ಲ."

ಹೊಸ ಸ್ವಿಚ್ ಬರುವ ತನಕ ಅವರು ತಾರಸಿಯ ಮೇಲೆ ಒಣಹಾಕಿದರು, ಮಂಡಿಯೂರಿ ಕೈಯಿಂದ ಇಸ್ತ್ರಿ ಮಾಡಿದರು. ಬೆರಳುಗಳು ಊದಿದವು. ಎಷ್ಟು ಮಾಡಿದರೂ ಸಾಲಲಿಲ್ಲ. ಮೊಗಸಾಲೆಯಲ್ಲಿ ಮಲಗಿದ್ದ ಒಬ್ಬ ಮುದುಕಿ ಬರಿಯ ರಬ್ಬರ್ ಹಾಸಿನ ಮೇಲೆಯೇ ತೀರಿಕೊಂಡಳು ಎಂಬ ಸುದ್ದಿ ತಾರಸಿಗೂ ಬಂತು. ಅಂದು ಯಾರೂ ಹಾಡಲಿಲ್ಲ, ಯಾರೂ ಗಂಡನನ್ನು ಬೈಯಲಿಲ್ಲ. ಗಡಿಯಾರದ ಫೋಟೋ ಗೋಡೆಯಿಂದ ಇಳಿಯಿತು. ಯಜಮಾನಿಕೆ ಉದ್ದಮ್ಮನಿಗೆ ಹೋಯಿತು. ಸಾಹೇಬರನ್ನು ಬೇರೆಲ್ಲಿಗೋ ಹಾಕಿದರು. ಅಪಘಾತ ಯಂತ್ರದ್ದು, ಅಕ್ಕನದಲ್ಲ ಎಂದು ಮೇಲಿನ ಆಫೀಸು ಒಪ್ಪಿತು. ಗಡಿಯಾರ ಆ ಮಾತನ್ನು ತಲುಪಿಸಿದಾಗ ಅಕ್ಕ "ಹೂಂ" ಎಂದಳು. ಅವಳ ಗಾಯ ಒಣಗುತ್ತಿತ್ತು. ಮಾತು ಇನ್ನೂ ಒಣಗಿಯೇ ಇತ್ತು.

ಕೊನೆಗೊಂದು ಬೆಳಿಗ್ಗೆ ರಿಪೇರಿಯವನು ಬಂದು ಹೊಸ ಸ್ವಿಚ್ ಕೂರಿಸಿ ಹೋದ. ಅದೇ ಬೆಳಿಗ್ಗೆ ಅಕ್ಕನನ್ನು ಮನೆಗೆ ಹೋಗಲು ಬಿಟ್ಟಿದ್ದರು. ಅವಳು ಹೊರಬಾಗಿಲಿಗೆ ಹೋಗದೆ ಲಾಂಡ್ರಿಯ ಮೆಟ್ಟಿಲಿಳಿದಳು. ಅಂಗಿಯ ಖಾಲಿ ಬಲತೋಳನ್ನು ಮಡಚಿ ಪಿನ್ನು ಹಾಕಿದ್ದರು. ಹೆಂಗಸರು ದಾರಿ ಬಿಟ್ಟರು. ಅವಳು ತನ್ನ ಹಳೆಯ ಜಾಗಕ್ಕೆ ಬಂದು, ಸ್ವಲ್ಪ ಹಿಂದೆಯೇ ನಿಂತಳು.

ಉದ್ದಮ್ಮ ಮಾವನನ್ನು ಎಬ್ಬಿಸಿದಳು. ಎಲ್ಲರೂ ಕೈ ಚಾಚಿದರು. ಅಕ್ಕ ಒಂದು ಕೈ ಚಾಚಿದಳು. ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಈಗ ಯಜಮಾನಿಯಾದ ಉದ್ದಮ್ಮ ಪಟ್ಟಿಯತ್ತ ಕೈಯೆತ್ತಿದಳು.

"ನೀನಲ್ಲ," ಎಂದಳು ಅಕ್ಕ. "ಮಾತು ಕೊಟ್ಟವಳು ಇವಳು."

ಉದ್ದಮ್ಮ ಪಕ್ಕಕ್ಕೆ ಸರಿದಳು. ಗಡಿಯಾರ ಮುಂದೆ ಬಂದಳು. ಉರುಳೆಗಳ ಬಿಸಿ ಮುಖಕ್ಕೆ ಬಡಿಯಿತು. ಕೆಂಪು ಪಟ್ಟಿಯ ಮೇಲೆ ಅಕ್ಕನ ಎಡಗೈ ಗುದ್ದಿದ ಕಡೆ ಬಣ್ಣ ಚಕ್ಕೆಯೆದ್ದಿತ್ತು. ಅವಳಿಗೆ ಯಾವ ಅವಸರವೂ ಇರಲಿಲ್ಲ. ಅಲ್ಲೇ ಅಂಗೈಯಿಟ್ಟು ಒತ್ತಿದಳು.

ಮಾವ ನಿಂತ.

ಮೇಲೆ ತಳ್ಳುಗಾಡಿಯೊಂದು ಉರುಳಿಹೋಯಿತು. ನಲ್ಲಿಯಿಂದ ಒಂದು ಹನಿ ಬಿತ್ತು. ದೊಡ್ಡಮ್ಮ ಹೇಳುತ್ತಿದ್ದ ಮಾತನ್ನು ಅಕ್ಕನೇ ಹೇಳಿದಳು.

"ಹೂಂ. ಕೇಳಿಸಿಕೊಂಡ."